ಊಟದ ಬೆಲ್ಲಿಗೆ ಮುಂಚಿನ ಪೀರಿಯಡ್ ಗಣಿತಕ್ಕೆ ಕೊಡಿ

ರಾಜ್ಯದ ಶಾಲೆಗಳ ವೇಳಾಪಟ್ಟಿ ಬರೆಯುವ ಎಲ್ಲರಿಗೂ, ಬೆಂಗಳೂರಿನಲ್ಲಿ ಕೂತು ಸುತ್ತೋಲೆ ಹೊರಡಿಸುವವರಿಂದ ಹಿಡಿದು ಹಳ್ಳಿ ಶಾಲೆಯ ಸ್ಟಾಫ್ ರೂಮಿನಲ್ಲಿ ಸ್ಕೇಲು ಪೆನ್ಸಿಲ್ ಹಿಡಿದು ಗೆರೆ ಎಳೆಯುವ ಹೆಡ್‌ಮಾಸ್ತರರವರೆಗೆ,

ನಮಸ್ಕಾರ.

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ಪತ್ರದಲ್ಲಿ ದುಡ್ಡು ಕೇಳುತ್ತಿಲ್ಲ, ಕಟ್ಟಡ ಕೇಳುತ್ತಿಲ್ಲ. ವಾರಕ್ಕೊಂದು ದಿನ ಗಣಿತದ ಪೀರಿಯಡ್ಡನ್ನು ಬೆಳಿಗ್ಗೆಯಿಂದ ಎತ್ತಿ ಬಿಸಿಯೂಟಕ್ಕೆ ಮುಂಚಿನ ಪೀರಿಯಡ್‌ಗೆ ಹಾಕಿ ಅಂತ ಕೇಳುತ್ತಿದ್ದೇನೆ. ಅಷ್ಟೇ. ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದದ ಕಥೆ ಇದೆ.

ಶುರುವಾದದ್ದು ಒಂದು ಆಗಸ್ಟ್ 14ರಂದು. ಮಾರನೇ ದಿನ ಸ್ವಾತಂತ್ರ್ಯ ದಿನಾಚರಣೆ, ಹಾಗಾಗಿ ಪಾಠ ಯಾವುದೂ ನಡೆಯುತ್ತಿರಲಿಲ್ಲ. ಒಂದು ಗುಂಪು ಕವಾಯತು ಮಾಡುತ್ತಿತ್ತು. ಇನ್ನೊಂದು ಗುಂಪು ಧ್ವಜದ ಕಟ್ಟೆಗೆ ಸುಣ್ಣ ಬಳಿಯುತ್ತಿತ್ತು. ಮಟಮಟ ಮಧ್ಯಾಹ್ನ. ಮೋಡ ಬಂದು ಬಂದು ಹೋಗುತ್ತಿತ್ತು. ಮೋಡ ಸರಿದು ಬಿಸಿಲು ಬಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬ್ರಷ್ ಕೆಳಗಿಟ್ಟು, "ಸಾರ್, ಕಂಬದ ನೆರಳು ಎಲ್ಲೋಯ್ತು?" ಅಂದಳು.

ನಿಜಕ್ಕೂ ಇರಲಿಲ್ಲ. ಇಪ್ಪತ್ತು ಅಡಿ ಕಂಬ, ಸುತ್ತ ಎಲ್ಲೂ ನೆರಳಿಲ್ಲ. ಸುಣ್ಣದ ಬಕೆಟ್ಟಿನ ನೆರಳು ಬಕೆಟ್ಟಿನ ಅಡಿಗೇ ಸೇರಿಕೊಂಡಿತ್ತು. ಹುಡುಗರ ನೆರಳು ಅವರ ಕಾಲ ಬುಡದಲ್ಲೇ ಮುದುಡಿ ಕೂತಿತ್ತು. ಕವಾಯತು ನಿಂತುಹೋಯಿತು. ಎಲ್ಲರೂ ತಮ್ಮ ತಮ್ಮ ಪಾದ ನೋಡಿಕೊಳ್ಳುತ್ತಾ ನಿಂತರು. ನಾನು ಗಡಿಯಾರ ನೋಡಿದೆ. 12 ಗಂಟೆ 28 ನಿಮಿಷ.

"ಮಧ್ಯಾಹ್ನ ಅಂದ್ರೆ ಹನ್ನೆರಡು ಅಲ್ವಾ ಸಾರ್?" ಅಂತ ಇನ್ನೊಬ್ಬ ಕೇಳಿದ.

ಆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ನಮ್ಮ ಶಾಲೆಯಲ್ಲಿ ಒಂದಿಡೀ ವರ್ಷ ಕಳೆಯಿತು.

ಮೊದಲನೆಯದು ಸುಲಭ. ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬರುತ್ತಾನೆ ಅಂತ ನಾವೆಲ್ಲ ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದೇವೆ. ವರ್ಷದ 363 ದಿನ ಅದು ಸುಳ್ಳು. ಸರಿಯಾಗಿ ನೆತ್ತಿ ಮೇಲೆ ಬರುವುದು ಎರಡೇ ದಿನ. ನಮ್ಮೂರಿನ ಅಕ್ಷಾಂಶಕ್ಕೆ, ಅಂದರೆ 14.3 ಡಿಗ್ರಿಗೆ, ಒಂದು ಏಪ್ರಿಲ್ 28ರ ಸುಮಾರಿಗೆ, ಇನ್ನೊಂದು ಆಗಸ್ಟ್ 14ರ ಸುಮಾರಿಗೆ. ಬೆಂಗಳೂರಿಗೆ ಏಪ್ರಿಲ್ 24 ಮತ್ತು ಆಗಸ್ಟ್ 18. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಪ್ರತಿ ವರ್ಷ ಲೋಟ, ಬಾಟಲಿ ನಿಲ್ಲಿಸಿದ ಫೋಟೋ ಬರುತ್ತದಲ್ಲ, ಅದೇ. ಕರ್ನಾಟಕ ಪೂರ್ತಿ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗಿದೆ, ಹಾಗಾಗಿ ನಮ್ಮ ರಾಜ್ಯದ ಪ್ರತಿ ಊರಿಗೂ ಇಂಥ ಎರಡು ದಿನ ಉಂಟು. ಏಪ್ರಿಲ್ 22ರ ಹೊತ್ತಿಗೆ ಮೈಸೂರಿನ ನೆತ್ತಿ ಮೇಲಿರುವ ಸೂರ್ಯ ಮೇ 1ರ ಹೊತ್ತಿಗೆ ಬಳ್ಳಾರಿಗೆ ಬರುತ್ತಾನೆ, ಮೇ 11ರ ಆಸುಪಾಸು ಬೀದರ್ ಮುಟ್ಟುತ್ತಾನೆ. ಆಮೇಲೆ ಅದೇ ದಾರಿಯಲ್ಲಿ ವಾಪಸ್ಸು.

ಆದರೆ ನೋಡಿ, ಹೋಗುವಾಗ ಶಾಲೆಗೆ ಬೇಸಿಗೆ ರಜೆ. ಬರುವಾಗ ಮಳೆಗಾಲ, ಮೋಡ. ನಮ್ಮದು ಮಳೆ ನೆರಳಿನ ಪ್ರದೇಶ, ಆದ್ದರಿಂದ ಆವತ್ತು ನಾಲ್ಕು ನಿಮಿಷ ಬಿಸಿಲು ಸಿಕ್ಕಿತು. ಆಗುಂಬೆಯ ಮಕ್ಕಳಿಗೆ ಸಿಗುತ್ತಿತ್ತೇ? ಅದಕ್ಕೇ ಹೇಳುವುದು, ಶೂನ್ಯ ನೆರಳಿನ ದಿನ ಅಂತ ಒಂದು ದಿನದ ಕಾರ್ಯಕ್ರಮ ಮಾಡಿ ಫೋಟೋ ಕಳಿಸಿ ಎಂಬ ಸುತ್ತೋಲೆ ನಮಗೆ ಬೇಡ. ನೆರಳು ಇಲ್ಲದ ಎರಡು ದಿನಕ್ಕಿಂತ ನೆರಳು ಇರುವ ಮಿಕ್ಕ ದಿನಗಳಲ್ಲೇ ಲೆಕ್ಕ ಜಾಸ್ತಿ ಇದೆ.

ಎರಡನೇ ಪ್ರಶ್ನೆ ನನ್ನನ್ನೂ ಸತಾಯಿಸಿತು. ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಹೊತ್ತಿಗೆ. ಚಳ್ಳಕೆರೆ ಇರುವುದು 76.65ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿರುವ ನಮಗೆ ಮಧ್ಯಾಹ್ನ 23 ನಿಮಿಷ ತಡ. ಇಷ್ಟನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿ ಕೈ ಒರೆಸಿಕೊಂಡೆ. ಹಿಂದಿನ ಬೆಂಚಿನಿಂದ ದನಿ ಬಂತು: "ಸಾರ್, 28 ಇತ್ತು. ಇನ್ನೈದು ನಿಮಿಷ ಎಲ್ಲಿ?"

ಎಂ.ಎಸ್ಸಿ. ಓದಿದವನು ನಾನು. ಆ ಐದು ನಿಮಿಷ ನನಗೆ ಗೊತ್ತಿರಲಿಲ್ಲ. ರಾತ್ರಿ ಓದಿ ಮಾರನೇ ದಿನ ಹೇಳಿದೆ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅಕ್ಷವೂ ಓರೆ. ಹಾಗಾಗಿ ಸೂರ್ಯ ಒಂದಷ್ಟು ದಿನ ಗಡಿಯಾರಕ್ಕಿಂತ ಮುಂದೆ ಹೋಗುತ್ತಾನೆ, ಇನ್ನಷ್ಟು ದಿನ ಹಿಂದೆ ಬೀಳುತ್ತಾನೆ. ಮಕ್ಕಳು ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ, ಅಳೆದರೆ ಸಾಕಿತ್ತು. ನವೆಂಬರ್ ಮೊದಲ ವಾರ ನೆರಳು ಅತಿ ಚಿಕ್ಕದಾದದ್ದು 12:07ಕ್ಕೆ. ಫೆಬ್ರವರಿ ಎರಡನೇ ವಾರ 12:38ಕ್ಕೆ. ಅರ್ಧ ಗಂಟೆ ವ್ಯತ್ಯಾಸ! ನಡುವೆ ಒಂದು ದಿನ ಹುಡುಗನೊಬ್ಬ ಶಾಲೆಯ ಗೋಡೆ ಗಡಿಯಾರ ಕೆಟ್ಟಿದೆ ಅಂತ ಸೆಲ್ ಬದಲಾಯಿಸಿಯೂ ಬಿಟ್ಟಿದ್ದ.

ಇಲ್ಲೇ ನಿಮ್ಮ ವೇಳಾಪಟ್ಟಿಯ ವಿಷಯ ಬರುವುದು. ನಾನು ಲೆಕ್ಕ ಹಾಕಿ ನೋಡಿದ್ದೇನೆ. ಕೋಲಾರವಾಗಲಿ ಕಾರವಾರವಾಗಲಿ, ವರ್ಷದ ಯಾವ ದಿನವೇ ಆಗಲಿ, ನಿಜವಾದ ಮಧ್ಯಾಹ್ನ 12:00ರಿಂದ 12:50ರ ಒಳಗೇ ಬೀಳುತ್ತದೆ. ಅದು ಊಟಕ್ಕೆ ಮುಂಚಿನ ಪೀರಿಯಡ್. ಗಣಿತವನ್ನು ಮಾತ್ರ ಎಲ್ಲರೂ ಬೆಳಿಗ್ಗೆ ಮೊದಲ ಪೀರಿಯಡ್‌ಗೇ ಹಾಕುತ್ತಾರೆ, ತಲೆ ಫ್ರೆಶ್ ಆಗಿರುತ್ತದೆ ಅಂತ. ತಲೆ ಫ್ರೆಶ್ ಆಗಿರುತ್ತದೆ, ಒಪ್ಪಿದೆ. ಸೂರ್ಯ ಮಾತ್ರ ಆಗ ಎಲ್ಲೋ ಮೂಲೆಯಲ್ಲಿರುತ್ತಾನೆ.

ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ತ್ರಿಕೋನಮಿತಿಯ ಅನ್ವಯಗಳು ಅಂತ ಪಾಠ ಇದೆ. ಗೋಪುರ, ಅದರ ನೆರಳು, ಸೂರ್ಯನ ಉನ್ನತ ಕೋನ. ಒಳ್ಳೆಯ ಪಾಠ. ಆದರೆ ಪುಸ್ತಕದ ಸೂರ್ಯ ಶಿಸ್ತಿನ ಸಿಪಾಯಿ. 30 ಡಿಗ್ರಿಯಲ್ಲಿ ನಿಲ್ಲುತ್ತಾನೆ, ಅಲ್ಲಿಂದ ಎದ್ದು 45ಕ್ಕೆ ಹೋಗುತ್ತಾನೆ, ಬಿಟ್ಟರೆ 60. ಡಿಸೆಂಬರ್ 22ರ ಮಧ್ಯಾಹ್ನ ನಮ್ಮೂರಿನಲ್ಲಿ ಅವನಿರುವುದು 52 ಡಿಗ್ರಿ ಚಿಲ್ಲರೆಯಲ್ಲಿ. ಆ ಚಿಲ್ಲರೆ ಮಕ್ಕಳಿಗೆ ಎಂದೂ ಎದುರಾಗುವುದಿಲ್ಲ. ರೂಟ್ ಮೂರು ಬಂದರೆ ಉತ್ತರ ಸರಿ, ಬರದಿದ್ದರೆ ತಪ್ಪು ಅಂತ ಅವರೇ ಒಂದು ಸೂತ್ರ ಮಾಡಿಕೊಂಡಿದ್ದಾರೆ. ಅವರ ತಪ್ಪಲ್ಲ.

ನಮ್ಮ ಸಾಮಾನು ಏನು ಅಂತ ಹೇಳಿಬಿಡುತ್ತೇನೆ. ಬಣ್ಣದ ಖಾಲಿ ಡಬ್ಬಿ, ಅದಕ್ಕೆ ತುಂಬಿದ ಕಾಂಕ್ರೀಟು, ಅದರಲ್ಲಿ ನೆಟ್ಟಗೆ ನಿಲ್ಲಿಸಿದ ಪೈಪು. ಪೈಪಿನ ತುದಿ ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರ. ನೆಟ್ಟಗಿದೆಯೇ ಅಂತ ನೋಡಲು ಗಾರೆ ಕೆಲಸ ಮಾಡುವ ತಂದೆಯೊಬ್ಬರು ತೂಗುಗುಂಡು ಕೊಟ್ಟರು. ನೆಲ ಸಮ ಇದೆಯೇ ನೋಡಲು ಅವರದೇ ರಸಮಟ್ಟ. ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚಾಕ್‌ಪೀಸಿನಲ್ಲಿ ಒಂದು ಗುರುತು. ಎಲ್ಲಕ್ಕಿಂತ ಹತ್ತಿರದ ಗುರುತೇ ಆವತ್ತಿನ ಮಧ್ಯಾಹ್ನದ ನೆರಳು. ಡಿಸೆಂಬರ್ ಕೊನೆಯಲ್ಲಿ ಅದು ಉತ್ತರಕ್ಕೆ 77 ಸೆಂಟಿಮೀಟರ್ ಚಾಚುತ್ತದೆ. ಮಾರ್ಚ್ 21ಕ್ಕೆ 25ರ ಹತ್ತಿರ ಬರುತ್ತದೆ. ಜೂನ್ 21ಕ್ಕೆ ತಿರುಗಿಬಿದ್ದು ದಕ್ಷಿಣಕ್ಕೆ 16 ಸೆಂಟಿಮೀಟರ್. ಉತ್ತರಾಯಣ, ದಕ್ಷಿಣಾಯನ ಅಂತ ಕ್ಯಾಲೆಂಡರಿನಲ್ಲಿ ಓದಿದ್ದ ಮಕ್ಕಳು ಅದನ್ನು ಅಂಗಳದಲ್ಲಿ ಟೇಪು ಹಿಡಿದು ಅಳೆದರು. ನೆರಳಿನ ಉದ್ದದಿಂದ ಕೋನ ತೆಗೆಯುವ ತ್ರಿಕೋನಮಿತಿಯ ಟ್ಯಾನ್ ಎಂಟನೇ ಕ್ಲಾಸಿನವರಿಗೆ ಗೊತ್ತಿಲ್ಲ. ಅವರು ಹತ್ತರಲ್ಲಿ ಒಂದರ ಅಳತೆಗೆ ಚಿತ್ರ ಬರೆದು ಕೋನಮಾಪಕ ಇಟ್ಟು ಕೋನ ನೋಡಿದರು. ಅರ್ಧ ಡಿಗ್ರಿ ಆಚೀಚೆ ಬಂತು, ಅಷ್ಟೇ.

ಈಗ ಬೀದರಿನ ಕಥೆ. ಎರಡು ಊರಿನ ನೆರಳಿನಿಂದ ಭೂಮಿಯ ಸುತ್ತಳತೆ ಕಂಡುಹಿಡಿದ ಎರಟೋಸ್ತನೀಸನ ವಿಷಯ ನಿಮಗೆ ಗೊತ್ತಿರುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕೂತು ಮಾಡಿದ ಲೆಕ್ಕ. ನನ್ನ ಜೊತೆ ಬಿ.ಎಡ್. ಓದಿದ ಗೆಳೆಯರೊಬ್ಬರು ಬೀದರಿನ ಶಾಲೆಯಲ್ಲಿದ್ದಾರೆ. ಬೀದರ್ ನಮಗಿಂತ 3.6 ಡಿಗ್ರಿ ಉತ್ತರಕ್ಕಿದೆ. ಅಟ್ಲಾಸಿನಲ್ಲಿ ನೇರ ಉತ್ತರಕ್ಕೆ ಅಳೆದರೆ 400 ಕಿಲೋಮೀಟರ್. ಡಿಸೆಂಬರ್ 22ಕ್ಕೆ ಎರಡೂ ಕಡೆ ಒಂದೇ ಉದ್ದದ ಪೈಪು ನಿಲ್ಲಿಸುವುದು ಅಂತಾಯಿತು.

ಆವತ್ತು ಫೋನ್ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೆವು. 12:18ಕ್ಕೇ ಬೀದರಿನ ಮಕ್ಕಳು "ನಮ್ದು ಆಯ್ತು, ನಮ್ದು ಆಯ್ತು" ಅಂತ ಕೂಗಿದರು. ನಮ್ಮದು ಇನ್ನೂ ಕುಗ್ಗುತ್ತಲೇ ಇತ್ತು. 12:22ಕ್ಕೆ ನಿಂತಿತು. ಬೀದರ್ ನಮಗಿಂತ ಒಂದು ಡಿಗ್ರಿಯಷ್ಟು ಪೂರ್ವಕ್ಕೂ ಇದೆ ಅನ್ನುವುದನ್ನು ನಾನು ಹೇಳುವ ಮೊದಲೇ ಒಬ್ಬಳು ನಾಲ್ಕು ನಿಮಿಷದ ಲೆಕ್ಕ ಹಾಕಿ ಹೇಳಿದಳು.

ನಮ್ಮ ನೆರಳು 78. ಅವರದ್ದು 87.5. ಕೋನಗಳ ವ್ಯತ್ಯಾಸ 3.23 ಡಿಗ್ರಿ. ಅಷ್ಟು ಡಿಗ್ರಿಗೆ 400 ಕಿಲೋಮೀಟರ್ ಆದರೆ ಪೂರ್ತಿ ಸುತ್ತಿನ 360 ಡಿಗ್ರಿಗೆ ಎಷ್ಟು? ಭೂಮಿಯ ಸುತ್ತಳತೆ ಬಂದದ್ದು 44,500 ಕಿಲೋಮೀಟರ್! ಇರಬೇಕಾದದ್ದು 40,000. ಕ್ಲಾಸಿನಲ್ಲಿ ಸಪ್ಪೆ ಮೋರೆ. ಬೀದರಿನವರೇ ತಪ್ಪು ಅಳೆದಿದ್ದಾರೆ ಅಂತ ನಮ್ಮವರು, ಚಳ್ಳಕೆರೆಯವರದ್ದೇ ತಪ್ಪು ಅಂತ ಅವರು.

ಜಗಳ ಬಿಡಿಸಲು ನೆರಳಿನ ತುದಿಯ ಹತ್ತಿರ ಬಗ್ಗಿ ನೋಡಿದೆವು. ಆಗ ಕಂಡಿತು, ತುದಿ ಅನ್ನುವುದೇ ಇಲ್ಲ! ಕಪ್ಪು ನೆರಳು ಮಸುಕಾಗುತ್ತಾ ಹೋಗಿ ಒಂದು ಸೆಂಟಿಮೀಟರಿನಷ್ಟು ಅಗಲದಲ್ಲಿ ಬಿಸಿಲಿಗೆ ಬೆರೆತುಬಿಡುತ್ತದೆ. ಸೂರ್ಯ ಒಂದು ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಒಬ್ಬೊಬ್ಬರು ಒಂದೊಂದು ಕಡೆ ಗುರುತು ಹಾಕಿದ್ದರು. ಆ ಅರ್ಧ ಸೆಂಟಿಮೀಟರೇ ಭೂಮಿಯನ್ನು ನಾಲ್ಕು ಸಾವಿರ ಕಿಲೋಮೀಟರ್ ಉಬ್ಬಿಸಿತ್ತು.

ಪೈಪಿನ ತುದಿಗೆ ರಟ್ಟು ಅಂಟಿಸಿ, ರಟ್ಟಿಗೆ ಸೂಜಿಯಿಂದ ಸಣ್ಣ ತೂತು ಮಾಡಿದೆವು. ಈಗ ನೆರಳಿನ ನಡುವೆ ಸೂರ್ಯನ ದುಂಡನೆಯ ಬಿಂಬ ಬಿತ್ತು. ಅದರ ನಟ್ಟನಡುವಿಗೆ ಗುರುತು. ತೂತಿನಿಂದ ತೂಗುಗುಂಡು ಇಳಿಬಿಟ್ಟು ಅದರ ಕೆಳಗಿನ ಜಾಗದಿಂದ ಅಳತೆ. ಡಿಸೆಂಬರ್ 24ಕ್ಕೆ ಮತ್ತೆ ಮಾಡಿದೆವು. ಆ ನಾಲ್ಕೈದು ದಿನ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಂತಿರುತ್ತಾನೆ, ಹಾಗಾಗಿ ಎರಡು ದಿನ ತಡವಾದರೂ ನಷ್ಟವಿಲ್ಲ. ನಮ್ಮದು 77.6, ಅವರದ್ದು 87.9. ಸುತ್ತಳತೆ 41,000ದ ಮೇಲೆ ಚೂರು. ಸ್ಪೀಕರಿನ ಎರಡೂ ಕಡೆ ಚಪ್ಪಾಳೆ.

ಚಪ್ಪಾಳೆ ಮುಗಿಯುವ ಮೊದಲೇ ಆ ಹಿಂದಿನ ಬೆಂಚಿನವನು ಮತ್ತೆ ಎದ್ದ. "ಸಾರ್, ಭೂಮಿ ಚಪ್ಪಟೆ ಇದ್ದು, ಸೂರ್ಯ ಹತ್ತಿರದಲ್ಲಿದ್ರೂ ಎರಡು ಊರಿನ ನೆರಳು ಬೇರೆ ಬೇರೆ ಬರುತ್ತಲ್ವಾ? ಬೀದಿ ದೀಪದ ಕೆಳಗೆ ಬರಲ್ವಾ?"

ಬರುತ್ತದೆ. ಎರಡು ಊರು ಸಾಲದು, ಮೂರನೆಯದೊಂದು ಬೇಕು. ಚಾಮರಾಜನಗರದಲ್ಲಿ ಅದೇ ದಿನ 71 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಭೂಮಿ ಚಪ್ಪಟೆ ಇದ್ದರೆ ಅಲ್ಲಿಂದ ಚಳ್ಳಕೆರೆಗೆ ಬೆಳೆದ ಲೆಕ್ಕದಲ್ಲೇ ನೆರಳು ಮುಂದಕ್ಕೂ ಬೆಳೆದು ಬೀದರಿನಲ್ಲಿ 87ರ ಸುಮಾರಿಗೆ ಇರಬೇಕು. ಭೂಮಿ ದುಂಡಗಿದ್ದರೆ 88. ಒಂದು ಸೆಂಟಿಮೀಟರಿಗೂ ಕಡಿಮೆ ವ್ಯತ್ಯಾಸ, ಆದರೆ ಸೂಜಿ ತೂತಿಗೆ ಅದು ಸಿಕ್ಕಿಬೀಳುತ್ತದೆ. ಚಾಮರಾಜನಗರದಲ್ಲಿ ನನಗೆ ಗುರುತಿನವರಿಲ್ಲ. ಇದ್ದರೂ ಅವರ ಗಣಿತದ ಪೀರಿಯಡ್ ಬೆಳಿಗ್ಗೆ ಇರುತ್ತದೆ.

ಈ ಹಿಂದಿನ ಬೆಂಚಿನ ಹುಡುಗ ದಿನಾ ಬಸ್ಸಿನಲ್ಲಿ ಬರುತ್ತಾನೆ. ನಮ್ಮ ತಾಲ್ಲೂಕಿನಲ್ಲಿ ಐಐಎಸ್‌ಸಿ, ಡಿಆರ್‌ಡಿಒ, ಇಸ್ರೋ ಎಲ್ಲಕ್ಕೂ ಜಾಗ ಕೊಟ್ಟಿದ್ದಾರೆ. ಚಂದ್ರಯಾನ-2ರ ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷೆ ಮಾಡಲು ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿದ್ದು ಇಲ್ಲೇ, ಉಳ್ಳಾರ್ತಿ ಕಾವಲಿನಲ್ಲಿ. ಬಸ್ಸಿನಲ್ಲಿ ಬರುವ ಮಕ್ಕಳಿಗೆ ಅದರಲ್ಲಿ ಕಾಣುವುದು ಉದ್ದಕ್ಕೂ ಕಾಂಪೌಂಡ್ ಗೋಡೆ. ಒಳಗೆ ಹೋಗಲು ಪಾಸ್ ಬೇಕು. ಶಾಲೆಯ ಅಂಗಳಕ್ಕೆ ಬೇಡ.

ಇನ್ನೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ನಮ್ಮ ಒಬ್ಬ ವಿದ್ಯಾರ್ಥಿಯ ಅಜ್ಜ, ಕುರಿ ಕಾಯುವವರು. ಮೊಮ್ಮಗನ ಚಾಕ್‌ಪೀಸ್ ಗುರುತು ನೋಡಲು ಬಂದರು. ತಮ್ಮ ನೆರಳಿನ ತಲೆ ಎಲ್ಲಿದೆ ಅಂತ ಒಂದು ಕಲ್ಲಿಡಿಸಿ, ಪಾದಕ್ಕೆ ಪಾದ ಹಚ್ಚಿ ಅಲ್ಲಿಯವರೆಗೆ ನಡೆದರು. "ಮೂರೂವರೆ ಆಗಿರಬೇಕು" ಅಂದರು. ಗಡಿಯಾರದಲ್ಲಿ 3:40. ಎತ್ತರದವರು, ಗಿಡ್ಡಗಿರುವವರು ಅಳೆದರೆ ಲೆಕ್ಕ ಬೇರೆಯಾಗುವುದಿಲ್ಲವೇ ಅಂತ ಕೇಳಿದೆ. "ಗಿಡ್ಡ ಇದ್ದೋನಿಗೆ ಪಾದನೂ ಸಣ್ಣದು ಅಲ್ವೇ ಮೇಷ್ಟ್ರೇ, ಲೆಕ್ಕ ಎಲ್ರಿಗೂ ಒಂದೇ." ಸಮರೂಪ ತ್ರಿಭುಜಗಳ ಪಾಠವನ್ನು ನಾನು ಮೂರು ವಾರ ಮಾಡುತ್ತೇನೆ.

ಈ ವಿದ್ಯೆ ನಮಗೆ ಹೊಸದಲ್ಲ ಬಿಡಿ. ಹಳೆಯ ಗಣಿತಜ್ಞರು 12 ಅಂಗುಲದ ಶಂಕು, ಅಂದರೆ ನೆರಳು ಅಳೆಯುವ ನೆಟ್ಟನೆಯ ಗೂಟ, ನಿಲ್ಲಿಸುತ್ತಿದ್ದರು. ಹಗಲು ರಾತ್ರಿ ಸಮ ಇರುವ ದಿನದ ಮಧ್ಯಾಹ್ನ ಅದರ ನೆರಳಿಗೆ ಪಲಭಾ ಅನ್ನುತ್ತಿದ್ದರು. ನಮ್ಮೂರಿಗೆ ಅದು ಮೂರು ಅಂಗುಲ. 12ನೇ ಶತಮಾನದ ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ನೆರಳಿನ ಲೆಕ್ಕಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾರೆ. ಶಂಕುವಿನ ಸುತ್ತ ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ಒಳಗೆ ಬರುವ ಜಾಗ ಮತ್ತು ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗ ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ ಸಿಗುತ್ತದೆ. ಯಜ್ಞವೇದಿಯ ಅಳತೆ ಹೇಳುವ ಶುಲ್ಬಸೂತ್ರಗಳ ಕಾಲದ ಉಪಾಯ. ನಾವೂ ಮಾಡಿದೆವು. ಪೂರ್ವಕ್ಕೆ ಮುಖ ಮಾಡಿದೆ ಅಂತ ಎಲ್ಲರೂ ನಂಬಿದ್ದ ನಮ್ಮ ಶಾಲೆ ಹನ್ನೊಂದು ಡಿಗ್ರಿ ಓರೆ ಇದೆ. ಇದನ್ನು ಮಾತ್ರ ಹೊರಗೆ ಹೇಳಬೇಡಿ ಅಂತ ಹೆಡ್‌ಮಾಸ್ತರರು ಹೇಳಿದ್ದಾರೆ, ರಿಸಲ್ಟ್ ಕಡಿಮೆ ಬಂದರೆ ವಾಸ್ತುವಿನವರು ಬರುತ್ತಾರಂತೆ.

ಸುಗಮವಾಗಿ ನಡೆಯಿತು ಅಂತಲ್ಲ. ಒಬ್ಬ ಹುಡುಗಿಯ ತಾಯಿ ಕೋಪದಿಂದ ಬಂದರು, "ನನ್ ಮಗಳು ಏನ್ ತಪ್ಪು ಮಾಡಿದ್ಲು ಅಂತ ಬಿಸಿಲಲ್ಲಿ ನಿಲ್ಲಿಸಿದ್ರಿ?" ಅವರದ್ದೂ ತಪ್ಪಿಲ್ಲ. ಶಾಲೆಯಲ್ಲಿ ಬಿಸಿಲಿಗೆ ನಿಲ್ಲಿಸುವುದು ಅಂದರೆ ಶಿಕ್ಷೆ ಅಂತಲೇ ನಮ್ಮ ತಲೆಮಾರು ಕಲಿತದ್ದು. ಈಗ ಟೋಪಿ ಅಥವಾ ಟವೆಲ್ಲು, ನೀರಿನ ಬಾಟಲಿ, ಸರದಿಯ ಮೇಲೆ ಇಬ್ಬಿಬ್ಬರು, ಉಳಿದವರು ಬೇವಿನ ಮರದ ಕೆಳಗೆ. ಸೂರ್ಯನನ್ನು ನೇರ ನೋಡಕೂಡದು, ನೆಲ ನೋಡಿದರೆ ಸಾಕು.

ತಪಾಸಣೆಗೆ ಬಂದ ಒಬ್ಬ ಅಧಿಕಾರಿಗಳದ್ದು ಮಾತ್ರ ಮರೆಯಲು ಆಗುತ್ತಿಲ್ಲ. ಅಂಗಳದಲ್ಲಿ ಮಕ್ಕಳನ್ನು ನೋಡಿ, "ಗಣಿತದ ಟೈಮಲ್ಲಿ ಆಟ ಆಡಿಸ್ತಾ ಇದೀರಾ?" ಅಂದರು. ಪಾಠಯೋಜನೆ ತೋರಿಸಿದೆ. ನೆರಳು ಅನ್ನುವ ಪದ ಅದರಲ್ಲಿ ಇದ್ದಕ್ಕಿದ್ದಂತೆ ಬಾಲಿಶವಾಗಿ ಕಂಡಿತು. ಮುಂದಿನ ಎರಡು ತಿಂಗಳು ನಾನೂ ಹೊರಗೆ ಹೋಗಲಿಲ್ಲ. ಮಾರ್ಚ್ 21ರ ಅಳತೆ ನಮ್ಮ ಪಟ್ಟಿಯಲ್ಲಿ ಆ ವರ್ಷ ಖಾಲಿ ಇದೆ. ಆವತ್ತು ನೆರಳಿನ ತುದಿ ಬಾಗದೆ ನೇರ ಗೆರೆಯಲ್ಲಿ ಓಡುತ್ತದೆ. ವರ್ಷಕ್ಕೆ ಎರಡೇ ಸಲ ಸಿಗುವ ನೋಟ, ತಪ್ಪಿಹೋಯಿತು.

ಆದ್ದರಿಂದ ನಾನು ಕೇಳುವುದು ಇಷ್ಟು. ಜೂನ್‌ನಲ್ಲಿ ವೇಳಾಪಟ್ಟಿ ಮಾಡುವಾಗ ಎಂಟು, ಒಂಬತ್ತು, ಹತ್ತರ ಗಣಿತವನ್ನು ವಾರಕ್ಕೊಂದು ದಿನ ಊಟದ ಮುಂಚಿನ ಪೀರಿಯಡ್‌ಗೆ ಹಾಕಿ. ಎಲ್ಲ ಜಿಲ್ಲೆಯಲ್ಲೂ ಅದು ಒಂದೇ ವಾರದಿನವಾದರೆ ಬೀದರಿನಿಂದ ಚಾಮರಾಜನಗರದವರೆಗೆ ಆರು ಡಿಗ್ರಿ ಉದ್ದದ ನೆರಳಿನ ಸಾಲು ನಮ್ಮ ಕೈಗೆ ಬರುತ್ತದೆ. ಹಿಂದಿನ ಬೆಂಚಿನವನಿಗೆ ಉತ್ತರವೂ ಸಿಗುತ್ತದೆ. ತಪಾಸಣೆಗೆ ಬರುವವರಿಗೆ ಇದೂ ಪಾಠವೇ ಅಂತ ಒಂದು ಸಾಲು ಬರೆದು ತಿಳಿಸಿ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಥರ್ಮಾಕೋಲಿನ ಗೋಪುರಕ್ಕೆ ಕೊಡುವ ಅಂಕವನ್ನು ವರ್ಷವಿಡೀ ಬರೆದಿಟ್ಟ ನೆರಳಿನ ಪುಸ್ತಕಕ್ಕೂ ಕೊಡಲು ಬಿಡಿ. ಆ ಗೋಪುರ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ ಅಂತ ನಿಮಗೂ ಗೊತ್ತು.

ಒಂದು ಭಯವೂ ಇದೆ, ಹೇಳಿಬಿಡುತ್ತೇನೆ. ಈ ಪತ್ರ ಓದಿ ನೀವು ಖುಷಿಯಾಗಿ 'ನೆರಳು ಕಿಟ್' ಅಂತ ಟೆಂಡರ್ ಕರೆದುಬಿಟ್ಟೀರಿ. ದಯವಿಟ್ಟು ಬೇಡ. ಕಿಟ್ ಬಂದರೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು, ಸ್ಟಾಕ್ ರಿಜಿಸ್ಟರಿಗೆ ಏರಿಸಬೇಕು. ಪ್ರತಿ ಶಾಲೆಯಲ್ಲೂ ಧ್ವಜದ ಕಂಬ ಇದೆ. ಅದನ್ನು ಯಾರೂ ಮುಟ್ಟಬೇಕಿಲ್ಲ, ನೆರಳು ಅಳೆದರೆ ಸಾಕು. ನಮ್ಮ ಕಂಬ ಸ್ವಲ್ಪ ವಾಲಿದೆ ಅಂತ ತೂಗುಗುಂಡು ಹಿಡಿದಾಗ ಗೊತ್ತಾಗಿ ರಿಪೇರಿಯೂ ಆಯಿತು.

ನಮ್ಮ ಶಾಲೆಯಲ್ಲಿ ಊಟದ ಮುಂಚಿನ ಪೀರಿಯಡ್ ಹಿಂದಿ ಮೇಡಂ ಅವರದ್ದು. ಅವರ ಹತ್ತಿರ ಮಾತಾಡಿದ್ದೇನೆ. ಬುಧವಾರ ಬಿಟ್ಟುಕೊಡಲು ಒಪ್ಪಿದ್ದಾರೆ. ಬದಲಿಗೆ ಬುಧವಾರ ಬೆಳಿಗ್ಗೆ ಮೊದಲ ಪೀರಿಯಡ್ ತಮಗೆ ಬೇಕಂತೆ, ಅವರಿಗೂ ಒಂದು ದಿನವಾದರೂ ಫ್ರೆಶ್ ತಲೆಗಳು ಬೇಕಂತೆ. ಹೆಡ್‌ಮಾಸ್ತರರು ಮಾತ್ರ ಮೇಲಿನಿಂದ ಒಂದು ಕಾಗದ ಬರಲಿ ಅಂತಿದ್ದಾರೆ.

ಇಂತಿ,
ಚಳ್ಳಕೆರೆ ತಾಲ್ಲೂಕಿನ ಒಬ್ಬ ಗಣಿತ ಶಿಕ್ಷಕ